ಹೀರುವುದು ಬೇರೆ, ತಡೆಯುವುದು ಬೇರೆ

ಪ್ರಶ್ನೆ: ಮೈಸೂರಿನ ಹೆಂಚಿನ ಮನೆ ಬಿಟ್ಟು ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬಂದು ಎಂಟು ತಿಂಗಳಾಯಿತು. ನಮ್ಮದು ಮೂರನೇ ಮಹಡಿ, ಎದುರಿಗೇ ಬಸ್ಸು ಓಡಾಡುವ ರಸ್ತೆ. ಮೇಲಿನ ಮನೆಯವರು ಬೆಳಗಿನ ಐದೂವರೆಗೆ ಕುರ್ಚಿ ಎಳೆಯಲು ಶುರು ಮಾಡುತ್ತಾರೆ, ಸಂಜೆ ಅವರ ಮಕ್ಕಳ ಓಟ. ನಮ್ಮ ಹಾಲ್‌ನಲ್ಲಿ ನಾಲ್ಕು ಜನ ಮಾತಾಡಿದರೆ ಸಂತೆಯ ಗದ್ದಲ. ‘ಹಾಲು ಬಂತಾ’ ಅಂದರೆ ಅತ್ತೆಗೆ ‘ಸಾಲ ಬಂತಾ’ ಅಂತ ಕೇಳಿಸುತ್ತದೆ. ಮಗ ದ್ವಿತೀಯ ಪಿಯುಸಿ, ಓದಲು ಆಗುತ್ತಿಲ್ಲ ಎನ್ನುತ್ತಾನೆ. ಯಾರದೋ ಮಾತು ಕೇಳಿ ಯಜಮಾನರು ಅವನ ಕೋಣೆಯ ಸೀಲಿಂಗಿಗೆ ಮೊಟ್ಟೆಯ ಟ್ರೇ ಅಂಟಿಸಿದರು, ಏನೂ ಆಗಲಿಲ್ಲ. ಈಗ ಎಂಬತ್ತು ಸಾವಿರ ಕೊಟ್ಟು ಮನೆಗೆಲ್ಲ ಫೋಮ್ ಪ್ಯಾನೆಲ್ ಹಾಕಿಸುವ ಮಾತಾಡುತ್ತಿದ್ದಾರೆ. ಮೇಲಿನವರ ಜೊತೆ ಎರಡು ಸಲ ಜಗಳವೂ ಆಗಿದೆ. ನಾನೇ ಅತಿಯಾಗಿ ಹಚ್ಚಿಕೊಳ್ಳುತ್ತಿದ್ದೇನೆಯೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಖಂಡಿತ ಇಲ್ಲ ತಾಯಿ. ಒಂದೇ ಸಮನೆ ತಿರುಗುವ ಫ್ಯಾನಿನ ಸದ್ದಿಗೆ ಕಿವಿ ಒಗ್ಗುತ್ತದೆ. ಯಾವಾಗ ಬರುತ್ತದೋ ಗೊತ್ತಿಲ್ಲದ ಕುರ್ಚಿಯ ಕಿರ್‍ರೆನ್ನುವ ಸದ್ದಿಗೆ ಒಗ್ಗುವುದಿಲ್ಲ. ಅದು ನಿಂತ ಮೇಲೂ ಮನಸ್ಸು ಮುಂದಿನದಕ್ಕೆ ಕಾಯುತ್ತಲೇ ಇರುತ್ತದೆ. ಮಲಗುವ ಕೋಣೆಯೊಳಗೆ ರಾತ್ರಿ 30 ಡೆಸಿಬಲ್ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ. ನಿಮ್ಮ ಕಿರಿಕಿರಿಗೆ ಕಾರಣವಿದೆ.

ಆ ಎಂಬತ್ತು ಸಾವಿರವನ್ನು ಮಾತ್ರ ಸದ್ಯ ಬ್ಯಾಂಕಿನಿಂದ ತೆಗೆಯಬೇಡಿ. ನಿಮ್ಮ ಮನೆಯಲ್ಲಿರುವುದು ಒಂದು ಗದ್ದಲವಲ್ಲ, ಮೂರು. ಮೂರಕ್ಕೂ ಮದ್ದು ಬೇರೆ. ಸದ್ದನ್ನು ಹೀರುವುದು ಒಂದು ಕೆಲಸ, ತಡೆಯುವುದು ಇನ್ನೊಂದು. ಹಗುರವಾದ, ತೂತುತೂತಾದ ವಸ್ತು ಹೀರುತ್ತದೆ. ಭಾರವಾದ, ಸಂದಿಯಿಲ್ಲದ ವಸ್ತು ತಡೆಯುತ್ತದೆ. ಸ್ಪಂಜು ನೀರು ಹೀರುತ್ತದೆಂದು ಅದರಿಂದ ಯಾರೂ ಕಟ್ಟೆ ಕಟ್ಟುವುದಿಲ್ಲ. ಫೋಮ್ ಅಂಥ ಸ್ಪಂಜು. ಮೊಟ್ಟೆಯ ಟ್ರೇಗೆ ಆ ಹೀರುವ ಗುಣವೂ ಸರಿಯಾಗಿಲ್ಲ. ಮೇಲಾಗಿ ಅದು ಬೇಗ ಬೆಂಕಿ ಹಿಡಿಯುವ ವಸ್ತು. ಮಗನ ಕೋಣೆಯಿಂದ ಇವತ್ತೇ ಕಿತ್ತು ಹಾಕಿ.

ಮೊದಲು ಹಾಲ್‌ನ ಗದ್ದಲ. ಮೈಸೂರಿನ ಮನೆಯಲ್ಲಿ ಹೆಂಚಿನ ಸಂದಿಯಿಂದ, ತೆರೆದ ಬಾಗಿಲಿನಿಂದ ಸದ್ದು ಹೊರಗೆ ಹೋಗುತ್ತಿತ್ತು. ಇಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಸುತ್ತ ನುಣುಪು ಗೋಡೆ, ಗಾಜು, ಮೇಲೆ ಕಾಂಕ್ರೀಟು. ಆಡಿದ ಮಾತು ಸಾಯದೆ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಇದೇ ಅನುರಣನ. ಇಪ್ಪತ್ತು ಅಡಿ ಉದ್ದ, ಹದಿನಾರು ಅಡಿ ಅಗಲದ ಖಾಲಿ ಹಾಲ್‌ನಲ್ಲಿ ಅದು ಎರಡು ಸೆಕೆಂಡು ಉಳಿದರೂ ಆಶ್ಚರ್ಯವಿಲ್ಲ. ಮಾತಿನಲ್ಲಿ ‘ಆ’ದಂಥ ಸ್ವರಗಳು ಗಟ್ಟಿ, ‘ಹ’, ‘ಸ’ದಂಥ ವ್ಯಂಜನಗಳು ಬರೀ ಉಸಿರು. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಬಿಟ್ಟರೆ ಹಾಲು ಸಾಲವಾಗದೆ ಇನ್ನೇನಾದೀತು? ಅತ್ತೆಯವರಿಗೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಆದರೆ ತಪ್ಪೆಲ್ಲ ಅವರ ಕಿವಿಯದೇ ಎಂದುಕೊಳ್ಳಬೇಡಿ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಗೂ ಇದೇ ರೋಗವಿತ್ತು. ಅಲ್ಲಿ ಸದ್ದು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ 1895ರಲ್ಲಿ ವ್ಯಾಲೇಸ್ ಸಬೀನ್ ಎಂಬ ಭೌತಶಾಸ್ತ್ರದ ಮೇಷ್ಟ್ರ ಪಾಲಿಗೆ ಬಂತು. ಅವರು ರಾತ್ರಿ ಹೊತ್ತು ಹತ್ತಿರದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಒಂದಿಷ್ಟಿಷ್ಟೇ ಕೋಣೆಯಲ್ಲಿಟ್ಟು, ಸದ್ದು ಸಾಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಗುಂಗು ಕಡಿಮೆಯಾಯಿತು. ಕೋಣೆಯ ಗಾತ್ರ ಮತ್ತು ಅದರೊಳಗಿನ ಹೀರುವ ವಸ್ತು, ಈ ಎರಡರ ಲೆಕ್ಕದ ಮೇಲೆ ಇವತ್ತಿಗೂ ಸಭಾಂಗಣಗಳು ಏಳುತ್ತವೆ.

ನಿಮ್ಮ ಮೆತ್ತೆಗಳು ಅಟ್ಟದ ಮೇಲೆ ಕಟ್ಟಿಟ್ಟ ಗಂಟಿನಲ್ಲೇ ಇವೆ. ದಪ್ಪ ಜಮಖಾನ ಹಾಸಿ. ಕಿಟಕಿಗೆ ನೆರಿಗೆ ಹೆಚ್ಚಿರುವ ದಪ್ಪ ಬಟ್ಟೆಯ ಪರದೆ ಹಾಕಿ. ಬರಿಗೋಡೆಗೆ ಕೌದಿ ತೂಗುಹಾಕಿ, ಗೋಡೆಗೆ ಒತ್ತದಂತೆ ಎರಡು ಬೆರಳು ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಬಟ್ಟೆ ಹೊದಿಸಿದ ಸೋಫಾ, ತುಂಬಿದ ಪುಸ್ತಕದ ಕಪಾಟು ಇವೂ ನೆರವಾಗುತ್ತವೆ. ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ವ್ಯತ್ಯಾಸ ನಿಮಗೇ ಕೇಳಿಸುತ್ತದೆ.

ಎರಡನೆಯದು ರಸ್ತೆಯ ಸದ್ದು. ಇಲ್ಲಿ ಕೌದಿ ನಡೆಯದು, ಸಂದಿ ಮುಚ್ಚಬೇಕು. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ತಡೆಯುತ್ತದೆ. ಆದರೆ ಗೋಡೆಯ ನೂರರಲ್ಲಿ ಒಂದು ಭಾಗ ತೆರೆದಿದ್ದರೂ ಸಾಕು, ಅದೇ ಗೋಡೆ 20ಕ್ಕಿಂತ ಹೆಚ್ಚು ತಡೆಯಲಾರದು. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಸದ್ದು ಇಮ್ಮಡಿಯಾದಂತೆ ಕೇಳುತ್ತದೆ. ಅಂದಮೇಲೆ ಆ ಮೂವತ್ತರ ನಷ್ಟ ಎಷ್ಟು ದೊಡ್ಡದೆಂದು ನೀವೇ ಲೆಕ್ಕ ಹಾಕಿ. ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಗಾಳಿಯಿರುವ ದಿನ ಫ್ಯಾನು ಆರಿಸಿ, ಪರದೆ ಸರಿಸಿ, ಹಚ್ಚಿದ ಊದುಬತ್ತಿಯನ್ನು ಮುಚ್ಚಿದ ಕಿಟಕಿಯ ಅಂಚಿನುದ್ದಕ್ಕೂ ಹಿಡಿದು ನಡೆಯಿರಿ. ಹೊಗೆ ಎಲ್ಲಿ ಓಲಾಡಿತೋ ಅಲ್ಲೇ ಬಸ್ಸಿನ ಹಾರನ್ ಒಳಗೆ ಬರುತ್ತಿರುವುದು.

ಚೌಕಟ್ಟು ಮತ್ತು ಗೋಡೆಯ ನಡುವಿನ ಬಿರುಕಿಗೆ ಸಿಲಿಕಾನ್ ಸೀಲೆಂಟ್, ಕಿಟಕಿಯ ರೆಕ್ಕೆಗೆ ರಬ್ಬರ್ ಬೀಡಿಂಗ್. ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಮಗನ ಕೋಣೆಯ ಬಾಗಿಲಿನ ಕೆಳಗೆ ಅರ್ಧ ಇಂಚು ಸಂದಿ ಇದ್ದೀತು. ಹಳೆಯ ಮನೆಗಳಲ್ಲಿ ಹೊಸ್ತಿಲು ಅದನ್ನು ಮುಚ್ಚುತ್ತಿತ್ತು, ಈಗ ರಬ್ಬರ್ ಪಟ್ಟಿ ಮುಚ್ಚಬೇಕು. ಇದರಿಂದ ಸಾಲದಿದ್ದರೆ ಮಾತ್ರ ಜೇಬಿಗೆ ಕೈ ಹಾಕಿ. ಸರಿಸುವ ಕಿಟಕಿ ಎಷ್ಟು ಮುಚ್ಚಿದರೂ ಸೋರುತ್ತದೆ. ರಸ್ತೆಯ ಕಡೆಯ ಒಂದು ಕಿಟಕಿಗಾದರೂ ರಬ್ಬರಿಗೆ ಒತ್ತಿ ಕೂರುವ, ಕೀಲಿನ ಮೇಲೆ ತೆರೆಯುವ ರೆಕ್ಕೆ ಹಾಕಿಸಿ, ಲ್ಯಾಮಿನೇಟೆಡ್ ಗಾಜು ಕೇಳಿ. ಸದ್ದು ಮುಚ್ಚಿದರೆ ಗಾಳಿಯೂ ನಿಲ್ಲುತ್ತದೆ, ಆದ್ದರಿಂದ ರಸ್ತೆಗೆ ಬೆನ್ನು ಹಾಕಿದ ಕಿಟಕಿಯನ್ನು ತೆರೆದಿಡಿ. ಅದಕ್ಕೂ ಮೊದಲು ಒಂದು ಕಾಸೂ ಬೇಡದ ಕೆಲಸವಿದೆ: ಮಗನ ಓದುವ ಮೇಜನ್ನು ಹಿಂಬದಿಯ ಕೋಣೆಗೆ ಸಾಗಿಸಿ.

ಮೂರನೆಯದು ಮೇಲಿನ ಮನೆ. ಇದೇ ಕಷ್ಟದ್ದು. ಕುರ್ಚಿ ಎಳೆದಾಗ ಹುಟ್ಟುವುದು ಗಾಳಿಯಲ್ಲಿ ಬರುವ ಸದ್ದಲ್ಲ, ಪೆಟ್ಟಿನ ಸದ್ದು. ಇಡೀ ಸ್ಲ್ಯಾಬು ನಗಾರಿಯ ಚರ್ಮದಂತೆ ಅದುರುತ್ತದೆ. ಆ ಅದುರು ಕಂಬ, ಗೋಡೆಗಳಲ್ಲೂ ಇಳಿದು ಬರುವುದರಿಂದ ನಿಮ್ಮ ಸೀಲಿಂಗಿಗೆ ಏನು ಅಂಟಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ. ನಗಾರಿ ನಿಲ್ಲಬೇಕಾದರೆ ಕೋಲಿನ ತುದಿಗೆ ಬಟ್ಟೆ ಸುತ್ತಬೇಕು. ಅಂದರೆ ಇದರ ಮದ್ದು ನಿಮ್ಮ ಮನೆಯಲ್ಲಿಲ್ಲ, ಮೇಲಿನವರ ಮನೆಯ ಕುರ್ಚಿಯ ಕಾಲಿನಲ್ಲಿದೆ. ಆ ಕಾಲುಗಳ ಕೆಳಗೆ ಫೆಲ್ಟ್ ಬಿಲ್ಲೆ, ಮಕ್ಕಳು ಓಡುವಲ್ಲಿ ದಪ್ಪ ಮ್ಯಾಟು, ಮಿಕ್ಸಿ, ಗ್ರೈಂಡರಿನ ಅಡಿಗೆ ರಬ್ಬರು ಬಂದರೆ ಸಾಕು. ನಿಮ್ಮ ಗ್ರೈಂಡರಿಗೂ ಹಾಕಿ, ಕೆಳಗಿನ ಮನೆಯವರು ನಿಮ್ಮ ಬಗ್ಗೆ ಏನೆಂದುಕೊಂಡಿದ್ದಾರೋ!

ಕಾನೂನು ಇಲ್ಲವೇ ಎನ್ನಬಹುದು. ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ನಡುರಾತ್ರಿಯ ಧ್ವನಿವರ್ಧಕಕ್ಕೆ 112ಕ್ಕೆ ಫೋನ್ ಮಾಡಿ. ಕುರ್ಚಿ ಎಳೆದದ್ದಕ್ಕೆ ಪೊಲೀಸರನ್ನು ಕರೆದರೆ ಸದ್ದು ಉಳಿಯುತ್ತದೆ, ನೆರೆಹೊರೆ ಹೋಗುತ್ತದೆ.

ಎರಡು ಸಲ ಜಗಳವಾಡಲು ಮೆಟ್ಟಿಲು ಹತ್ತಿದ್ದೀರಿ. ಮೂರನೆಯ ಸಲ ಅವರನ್ನೇ ಕೆಳಗೆ ಕರೆಯಿರಿ. ಕಾಫಿ ಕೊಟ್ಟು ಹಾಲ್‌ನಲ್ಲಿ ಕೂರಿಸಿ, ಅವರ ಮಕ್ಕಳು ಮೇಲೆ ಓಡುವ ಹೊತ್ತು ನೋಡಿ. ತಮ್ಮ ಮನೆ ಕೆಳಗೆ ಹೇಗೆ ಕೇಳುತ್ತದೆಂದು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಹೊರಡುವಾಗ ಅವರ ಕೈಗೆ ಒಂದು ಕಟ್ಟು ಫೆಲ್ಟ್ ಬಿಲ್ಲೆ ಕೊಡಿ. ನಿಮ್ಮ ಎಂಬತ್ತು ಸಾವಿರದಲ್ಲಿ ಮೊದಲು ಖರ್ಚಾಗಬೇಕಾದದ್ದು ಅದೇ.