ಪವರ್ ಸ್ಟಿಯರಿಂಗಿನ ಸೆನ್ಸರು: ದೋಷದ ನಿದಾನ ಮತ್ತು ಪರಿಹಾರ

ವೈದ್ಯಶಾಸ್ತ್ರದಲ್ಲಿ 'ನಿದಾನ'ವೆಂದರೆ ರೋಗದ ಮೂಲಕಾರಣವನ್ನು ನಿರ್ಣಯಿಸುವುದು. ಅಲ್ಪಪ್ರಾಣದ ಈ ಶಬ್ದವನ್ನು ಮಹಾಪ್ರಾಣದ 'ನಿಧಾನ'ವೆಂದು ಬರೆಯುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಕಾರಿನ ಪವರ್ ಸ್ಟಿಯರಿಂಗು ಕೆಟ್ಟ ಸಂದರ್ಭದಲ್ಲಿ ಮಾತ್ರ ಆ ತಪ್ಪನ್ನು ಅರ್ಧ ಕ್ಷಮಿಸಬಹುದು. ಅಲ್ಲಿ ಎರಡೂ ಬೇಕಾಗುತ್ತವೆ. ಚಾಲಕನ ಮುಂದಿನ ಫಲಕದಲ್ಲಿ ದೀಪ ಹೊತ್ತಿಕೊಂಡೊಡನೆಯೇ ಸೆನ್ಸರು ಹೋಯಿತೆಂದು ತೀರ್ಮಾನಿಸಿ, ಬೆಲೆಬಾಳುವ ಸ್ಟಿಯರಿಂಗ್ ಕಾಲಮ್ಮನ್ನೇ ಬದಲಾಯಿಸಿ, ಆ ಬಳಿಕವೂ ದೀಪ ಆರದೆ ಉಳಿಯುವ ಪ್ರಸಂಗ ಗ್ಯಾರೇಜುಗಳಲ್ಲಿ ಅಪರೂಪವಲ್ಲ. ಮಾಲೀಕನ ಹಣವೂ ಹೋಯಿತು, ದೋಷವೂ ಉಳಿಯಿತು.

ತೋಳಿನ ಶ್ರಮವನ್ನು ಯಂತ್ರಕ್ಕೆ ವಹಿಸುವ ಯೋಚನೆ ಹಳೆಯದು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ ಅವರು 1926ರಲ್ಲಿಯೇ ಪಿಯರ್ಸ್-ಆರೋ ಕಾರಿನಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಸ್ಟಿಯರಿಂಗನ್ನು ಪ್ರದರ್ಶಿಸಿದರು. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನ ಮೂಲಕ ಅದು ಮಾರುಕಟ್ಟೆಗೆ ಬಂದಿತು. 1988ರಲ್ಲಿ ಜಪಾನಿನ ಸುಜುಕಿ ಸರ್ವೋ ಕಾರಿನಲ್ಲಿ ಎಣ್ಣೆಯ ಸ್ಥಾನವನ್ನು ವಿದ್ಯುತ್ ಮೋಟಾರು ಆಕ್ರಮಿಸಿತು. ಇಂದು ಸಣ್ಣ ಕಾರುಗಳಲ್ಲಿ ಈ ಬಗೆಯೇ ವ್ಯಾಪಕವಾಗಿದೆ. ಎಣ್ಣೆಯ ಯಂತ್ರ ಸೋರಿದರೆ ನೆಲದ ಮೇಲೆ ಕಲೆ ಕಾಣುತ್ತಿತ್ತು. ವಿದ್ಯುತ್ತಿನ ದೋಷಕ್ಕೆ ಕಲೆಯಿಲ್ಲ. ಅದನ್ನು ಅಳೆದೇ ತಿಳಿಯಬೇಕು.

ಯಂತ್ರದ ಒಳಗಿನ ವ್ಯವಹಾರ ಇಂತಿದೆ. ಸ್ಟಿಯರಿಂಗ್ ಚಕ್ರಕ್ಕೂ ಕೆಳಗಿನ ಹಲ್ಲುಗಾಲಿಗೂ ನಡುವೆ ತೆಳುವಾದ ಉಕ್ಕಿನ ಸರಳೊಂದಿರುತ್ತದೆ. ಚಾಲಕನು ಚಕ್ರವನ್ನು ತಿರುಗಿಸಿದಾಗ, ರಸ್ತೆಯ ಪ್ರತಿರೋಧದಿಂದ ಆ ಸರಳು ಕೆಲವೇ ಅಂಶಗಳಷ್ಟು ತಿರುಚಿಕೊಳ್ಳುತ್ತದೆ. ಟಾರ್ಕ್ ಸೆನ್ಸರು ಈ ತಿರುಚನ್ನು ಅಳೆದು ನಿಯಂತ್ರಕ ಪೆಟ್ಟಿಗೆಗೆ ಅರುಹುತ್ತದೆ. ಪೆಟ್ಟಿಗೆಯು ಕಾರಿನ ವೇಗವನ್ನೂ ಗಮನಿಸಿ, ನಿಂತಾಗ ಹೆಚ್ಚು, ಓಡುವಾಗ ಕಡಿಮೆ ನೆರವನ್ನು ಮೋಟಾರಿನಿಂದ ಕೊಡಿಸುತ್ತದೆ. ಒಂದೇ ಸಾಕ್ಷಿಯ ಮಾತನ್ನು ನಂಬಬಾರದೆಂಬ ನ್ಯಾಯದಂತೆ ಸೆನ್ಸರಿನಿಂದ ಎರಡು ಸಂಕೇತಗಳು ಹೊರಡುತ್ತವೆ. ಅನೇಕ ಕಾರುಗಳಲ್ಲಿ ಚಕ್ರವನ್ನು ಮುಟ್ಟದಿರುವಾಗ ಎರಡೂ ಸುಮಾರು 2.5 ವೋಲ್ಟ್ ಇರುತ್ತವೆ. ತಿರುಗಿಸಿದರೆ ಕೆಲವು ಬಗೆಗಳಲ್ಲಿ ಒಂದು ಏರಿದಷ್ಟೇ ಇನ್ನೊಂದು ಇಳಿಯುತ್ತದೆ, ಕೆಲವು ಬಗೆಗಳಲ್ಲಿ ಎರಡೂ ಜೊತೆಯಾಗಿ ಚಲಿಸುತ್ತವೆ. ಎರಡು ಸಾಕ್ಷ್ಯಗಳೂ ತಾಳೆಯಾಗದಿದ್ದರೆ ಪೆಟ್ಟಿಗೆಯು ನೆರವನ್ನು ನಿಲ್ಲಿಸಿ ದೀಪ ಹೊತ್ತಿಸುತ್ತದೆ.

ನೆರವು ನಿಂತರೂ ಚಕ್ರಕ್ಕೂ ಗಾಲಿಗಳಿಗೂ ಇರುವ ಉಕ್ಕಿನ ಸಂಬಂಧ ಕಡಿಯುವುದಿಲ್ಲ. ಬಲ ಹಾಕಿದರೆ ಕಾರು ತಿರುಗುತ್ತದೆ. ಆದರೆ ತಿರುವಿನ ನಡುವೆ ಆ ಬಲವನ್ನು ಒಮ್ಮೆಲೇ ಒದಗಿಸುವುದು ವೃದ್ಧರಿಗೂ ದುರ್ಬಲರಿಗೂ ಸುಲಭವಲ್ಲ. 2010ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಸ್ಟಿಯರಿಂಗಿನ ಮೋಟಾರು ಸಂಬಂಧವಾದ ಇಂತಹದೇ ತೊಂದರೆಗಾಗಿ ಷೆವ್ರೊಲೆ ಕೋಬಾಲ್ಟ್ ಮೊದಲಾದ ಸುಮಾರು 13 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು.

ಇನ್ನು ಪರೀಕ್ಷೆಯ ಕ್ರಮ. ಮೊದಲು ಸ್ಕ್ಯಾನರ್ ಜೋಡಿಸಿ ದೋಷಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಅದನ್ನು ಅಳಿಸುವ ಆತುರ ಬೇಡ. ಈ ಸಂಖ್ಯೆಯನ್ನು ಅರ್ಥೈಸುವಲ್ಲಿಯೇ ಹೆಚ್ಚಿನವರು ಎಡವುತ್ತಾರೆ. 'ಟಾರ್ಕ್ ಸೆನ್ಸರ್ ಸಂಕೇತ ಸರಿಯಿಲ್ಲ' ಎಂದರೆ ಪೆಟ್ಟಿಗೆಗೆ ಬಂದ ಸಂಕೇತ ಸರಿಯಿಲ್ಲವೆಂದಷ್ಟೇ ಅರ್ಥ. ತಪ್ಪು ಸೆನ್ಸರಿನಲ್ಲಿರಬಹುದು, ತಂತಿಯಲ್ಲಿರಬಹುದು, ಕನೆಕ್ಟರಿನಲ್ಲಿರಬಹುದು, ಪೆಟ್ಟಿಗೆಯಲ್ಲಿಯೇ ಇರಬಹುದು. ಓಲೆಗರಿಯ ಪ್ರತಿಯಲ್ಲಿ ಅಪಪಾಠ ಕಂಡಾಗ ಅದು ಕವಿಯದೋ ಲಿಪಿಕಾರನದೋ ಎಂದು ವಿಚಾರಿಸದೆ ಕವಿಯನ್ನು ದೂಷಿಸುವ ಸಂಪಾದಕನಿಗೂ, ಸಂಖ್ಯೆಯನ್ನು ಓದಿ ಸೆನ್ಸರನ್ನು ಕೀಳುವ ಮೆಕ್ಯಾನಿಕ್ಕನಿಗೂ ವ್ಯತ್ಯಾಸವಿಲ್ಲ.

ಆದ್ದರಿಂದ ಬ್ಯಾಟರಿಯಿಂದ ಆರಂಭಿಸುವುದು ಉಚಿತ. ಸ್ಟಿಯರಿಂಗಿನ ಮೋಟಾರು ಹತ್ತಾರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಎಳೆಯುತ್ತದೆ. ಬ್ಯಾಟರಿ ಬಳಲಿದ್ದರೆ ವೋಲ್ಟೇಜು ಕುಸಿದು ನಿರಪರಾಧಿಯಾದ ಸೆನ್ಸರಿನ ಮೇಲೂ ದೂರು ಬೀಳಬಹುದು. ಎಂಜಿನ್ ನಿಂತಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರಬೇಕು. ಬಳಿಕ ಫ್ಯೂಸು, ಅನಂತರ ಅರ್ತ್ ತಂತಿ. ಎಂಜಿನ್ ನಡೆಯುತ್ತಿರುವಾಗ ಒಬ್ಬರು ಚಕ್ರವನ್ನು ತಿರುಗಿಸಲಿ, ಇನ್ನೊಬ್ಬರು ಬ್ಯಾಟರಿಯ ಋಣ ತುದಿಗೂ ಪೆಟ್ಟಿಗೆಯ ಅರ್ತ್ ತುದಿಗೂ ನಡುವೆ ಮಲ್ಟಿಮೀಟರ್ ಹಿಡಿಯಲಿ. 0.2 ವೋಲ್ಟಿಗಿಂತ ಹೆಚ್ಚು ಕಂಡರೆ ತುಕ್ಕು ಹಿಡಿದ ಬೋಲ್ಟನ್ನು ಉಜ್ಜಿ ಬಿಗಿಯುವುದೇ ಚಿಕಿತ್ಸೆ. ಮಲ್ಟಿಮೀಟರಿನ ಬೆಲೆ ಕೆಲವು ನೂರು ರೂಪಾಯಿ. ಕಾಲಮ್ಮಿನದು ಸಾವಿರಗಳ ಲೆಕ್ಕ.

ಕನೆಕ್ಟರುಗಳನ್ನು ಬಿಚ್ಚಿ ಹಸಿರು ಕಿಲುಬು, ತೇವ, ಬಾಗಿದ ಪಿನ್ನು ನೋಡಬೇಕು. ಇಲಿ ಕಡಿದ ತಂತಿಯನ್ನು ಮರೆಯಬಾರದು. ಕೊಟ್ಟಿಗೆಯ ಮಗ್ಗುಲಲ್ಲಿ ನಿಲ್ಲುವ ಕಾರುಗಳಿಗೆ ಇದು ದೊಡ್ಡ ಪೀಡೆ. ದೋಷ ಬಂದು ಹೋಗುವಂತಹದಾಗಿದ್ದರೆ ಸ್ಕ್ಯಾನರಿನಲ್ಲಿ ಅಂಕಿಗಳನ್ನು ನೋಡುತ್ತಾ ತಂತಿಯ ಕಂತೆಯನ್ನು ಮೆಲ್ಲನೆ ಅಲುಗಿಸಬೇಕು. ಅಂಕಿ ಜಿಗಿದ ತಾಣದಲ್ಲಿ ಕಳ್ಳನಿದ್ದಾನೆ. ಇವೆಲ್ಲ ಸರಿಯಿದ್ದು, ಸೆನ್ಸರಿಗೆ 5 ವೋಲ್ಟ್ ತಲಪುತ್ತಿದ್ದೂ ಸಂಕೇತಗಳು ತಾಳೆಯಾಗದಿದ್ದರೆ ಮಾತ್ರ ಸೆನ್ಸರನ್ನು ಶಂಕಿಸುವುದು ನ್ಯಾಯ. ಹೊಸ ಕಾರುಗಳಲ್ಲಿ ಸಂಕೇತವು ಡಿಜಿಟಲ್ ಆಗಿರುವುದರಿಂದ ಮಲ್ಟಿಮೀಟರು ಸಾಲದು. ಸ್ಕ್ಯಾನರು ಅಥವಾ ಆಸಿಲೋಸ್ಕೋಪು ಬೇಕು. ನಿಂತ ಕಾರಿನ ಚಕ್ರವನ್ನು ಕೊನೆಯಿಂದ ಕೊನೆಗೆ ಹಲವು ಬಾರಿ ತಿರುಗಿಸಿದಾಗ ನೆರವು ತಗ್ಗುವುದು ದೋಷವಲ್ಲ. ಮೋಟಾರು ಬಿಸಿಯೇರದಂತೆ ಪೆಟ್ಟಿಗೆ ವಹಿಸುವ ಎಚ್ಚರ.

ಟಾರ್ಕ್ ಸೆನ್ಸರು ಬಹುಪಾಲು ಕಾರುಗಳಲ್ಲಿ ಬಿಡಿಯಾಗಿ ಸಿಗದು; ಕಾಲಮ್ಮಿನೊಡನೆಯೇ ಬರುತ್ತದೆ. ಬಿಚ್ಚುವ ಮುನ್ನ ಬ್ಯಾಟರಿಯ ಋಣ ತಂತಿಯನ್ನು ಕಳಚಿ, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಬೇಕು. ಚಕ್ರದೊಳಗಿನ ಏರ್‌ಬ್ಯಾಗು ಸಿಡಿದರೆ ಪ್ರಾಣಾಪಾಯ. ಜೋಡಿಸಿದ ಮೇಲೆ ಗಾಲಿಗಳನ್ನು ನೇರವಾಗಿಸಿ, ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರದಿಂದ ಕೈ ತೆಗೆದು, ಸ್ಕ್ಯಾನರಿನಿಂದ ಶೂನ್ಯಬಿಂದುವನ್ನು ನಿಗದಿಗೊಳಿಸಬೇಕು. ಈ ಒಂದು ವಿಧಿ ತಪ್ಪಿದರೆ ಹೊಸ ಸೆನ್ಸರಿದ್ದೂ ಕಾರು ಒಂದು ಮಗ್ಗುಲಿಗೆ ಎಳೆಯಬಹುದು. ಕೊನೆಗೆ ಜನಸಂಚಾರವಿಲ್ಲದ ರಸ್ತೆಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿಸಿ, ಎರಡು ಕಡೆಯ ಭಾರವೂ ಸಮವಾಗಿದೆಯೇ, ತಿರುಗಿಸಿ ಬಿಟ್ಟ ಚಕ್ರ ತಾನಾಗಿ ನಡುವಿಗೆ ಮರಳುತ್ತದೆಯೇ ಎಂದು ನೋಡಿದ ಬಳಿಕವೇ ಕೀಲಿಯನ್ನು ಮಾಲೀಕನ ಕೈಗೆ ಕೊಡಬೇಕು.