ನಾಲ್ಕು ಲಕ್ಷದ ರಾಜೀನಾಮೆ

2014ರ ಮೇ ಕೊನೆಗೆ ಪೀಣ್ಯದ ಒಂದು ಕಾರ್ಖಾನೆಯ ಪರ್ಚೇಸ್ ಆಫೀಸಿನ ಕೆಲಸ ಬಿಟ್ಟೆ. ಆ ನಿರ್ಧಾರಕ್ಕೆ ನಾನು ತೆತ್ತ ಬೆಲೆ ನಾಲ್ಕು ಲಕ್ಷ ರೂಪಾಯಿ. ಅದರಲ್ಲಿ ಪಿಎಲ್‌ಸಿ (ಯಂತ್ರಗಳನ್ನು ಪ್ರೋಗ್ರಾಂ ಮೂಲಕ ನಡೆಸುವ ಕಂಟ್ರೋಲರ್) ಕೋರ್ಸಿನ ಫೀ 38,000 ಮಾತ್ರ. ಉಳಿದ 3,62,000 ಯಾವ ರಸೀದಿಯಲ್ಲೂ ಸಿಗುವುದಿಲ್ಲ. ಆಟೊಮೇಷನ್ ಕಡೆ ಹೋಗಬೇಕೆಂದು ನನ್ನನ್ನು ಹುಡುಕಿಕೊಂಡು ಬರುವ ನಮ್ಮ ಕಡೆಯ ಹುಡುಗರು ರಸೀದಿಯಲ್ಲಿ ಕಾಣುವ ಅಂಕಿಯನ್ನಷ್ಟೇ ಇಟ್ಟುಕೊಂಡು ಬರುತ್ತಾರೆ.

ಇತ್ತೀಚೆಗೆ ಬಂದವನು ಪರಶುರಾಂಪುರ ಹೋಬಳಿಯವನೇ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಚಳ್ಳಕೆರೆಯಲ್ಲಿ ಒಂದು ಆಫೀಸಿನಲ್ಲಿ ಡೇಟಾ ಎಂಟ್ರಿ ಮಾಡಿಕೊಂಡಿದ್ದಾನೆ. "ಅಣ್ಣಾ, ಕೋರ್ಸಿಗೆ ಲೋನ್ ಸ್ಯಾಂಕ್ಷನ್ ಆಗೈತೆ, ಸೈನ್ ಹಾಕೋದೊಂದೇ ಬಾಕಿ" ಅಂದ. ಸೈನ್ ಹಾಕಬೇಡ, ಮೊದಲು ನನ್ನ ಲೆಕ್ಕ ನೋಡು ಅಂದೆ. ಅವನಿಗೆ ತೋರಿಸಿದ ಲೆಕ್ಕವನ್ನೇ ಇಲ್ಲಿ ಇಡುತ್ತಿದ್ದೇನೆ.

ನನ್ನ ಕೆಲಸವೂ ಅವನದರಂತೆಯೇ ಇತ್ತು. ಬೆಳಗ್ಗೆಯಿಂದ ಸಂಜೆವರೆಗೆ ಮೂರು ಕಾಗದ: ಪರ್ಚೇಸ್ ಆರ್ಡರ್ (ಪಿಒ), ಡೆಲಿವರಿ ಚಲನ್, ಬಿಲ್ಲು. ಮೂರರಲ್ಲೂ ಸಂಖ್ಯೆ, ದರ, ತೆರಿಗೆ ತಾಳೆಯಾದರೆ ಟಿಕ್ ಹಾಕಿ ಅಕೌಂಟ್ಸ್‌ಗೆ ಕಳಿಸುವುದು, ಆಗದಿದ್ದರೆ ಸಪ್ಲೈಯರ್‌ಗೆ ಫೋನು ಮಾಡುವುದು. ಆರು ವರ್ಷ ಇದನ್ನೇ ಮಾಡಿದೆ. ಡಿಪ್ಲೊಮಾದಲ್ಲಿ ಓದಿದ ಮೋಟರು, ರಿಲೇ, ಕಂಟ್ರೋಲ್ ಸರ್ಕ್ಯೂಟ್ ಎಲ್ಲ ಮರೆಯುತ್ತಾ ಬಂತು. ಆದರೆ ನಾನು ತಾಳೆ ನೋಡುತ್ತಿದ್ದ ಬಿಲ್ಲುಗಳಲ್ಲಿ ಬರುತ್ತಿದ್ದ ಸಾಮಾನೇ ಕಂಟ್ಯಾಕ್ಟರ್, ಡ್ರೈವ್, ಎಚ್‌ಎಂಐ. ಅವನ್ನು ಜೋಡಿಸಿ ಪ್ಯಾನಲ್ ಕಟ್ಟುವ ಹುಡುಗರು ಕೆಳಗಿನ ಶೆಡ್ಡಿನಲ್ಲೇ ಇದ್ದರು. ಊಟದ ಬಿಡುವಿನಲ್ಲಿ ಅವರ ಹತ್ತಿರ ಹೋಗಿ ನಿಲ್ಲುವುದು ಅಭ್ಯಾಸವಾಯಿತು. ಒಂದು ಕನ್ವೇಯರಿನ ಪ್ರೋಗ್ರಾಂ ಓಡುವುದನ್ನು ಕಣ್ಣಾರೆ ಕಂಡ ಮೇಲೆ ನನಗೆ ಚಲನ್ ಎಣಿಸುವುದು ಸಾಧ್ಯವಾಗಲಿಲ್ಲ. ಹಣಕಾಸಿನ ಅಂಕಣದಲ್ಲಿ ಇದನ್ನು ಹೇಳುವುದಕ್ಕೆ ಕಾರಣವಿದೆ. ಬೇಸರ ನಿಜವಾದದ್ದು, ಅದಕ್ಕೊಂದು ಬೆಲೆಯಿದೆ. ಆ ಬೆಲೆ ಕೊಡಲು ತಯಾರಿರುವವನು ಎಷ್ಟೆಂದು ಮೊದಲೇ ತಿಳಿದಿರಬೇಕು, ಅಷ್ಟೆ.

ಊರಿಗೆ ಹೋಗಿ ಹೇಳಿದಾಗ ಅಪ್ಪ ಬೈಯಲಿಲ್ಲ. ಮಳೆ ನಂಬಿ ಶೇಂಗಾ ಬಿತ್ತುವವರಿಗೆ ಕೈಯಲ್ಲಿದ್ದ ದುಡ್ಡನ್ನು ಮಣ್ಣಿಗೆ ಹಾಕಿ ಕಾಯುವುದು ಹೊಸದೇನಲ್ಲ. "ಎಲ್ಲಾ ಸರಿ ಕಣಪ್ಪಾ, ಮನೆಗೆ ತಿಂಗ್ಳಿಗೆ ಎಷ್ಟು ಕಳಿಸ್ತೀಯ, ಎಷ್ಟು ತಿಂಗ್ಳು ಕಳ್ಸೋಕಾಗಲ್ಲ, ಬರ್ದು ತೋರ್ಸು" ಅಂದರು. ಬರೆದು ತೋರಿಸಲು ಕೂತಾಗಲೇ ಲೆಕ್ಕ ಶುರುವಾದದ್ದು. ಅಂದು ಬರೆದದ್ದು ಅಂದಾಜು. ಕೆಳಗಿರುವುದು ನಿಜವಾಗಿ ನಡೆದದ್ದು.

ಆಫೀಸಿನಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎನ್ನುವುದು ಮೊದಲು. ಕೈಗೆ ಬರುತ್ತಿದ್ದ ಸಂಬಳ 24,000. ವರ್ಷಕ್ಕೆ 1,500 ಏರಿಕೆ ಎಂದು ಹಿಡಿಯೋಣ. ಮೊದಲ ವರ್ಷ 2,88,000, ಎರಡನೆಯದು 3,06,000, ಮೂರನೆಯದು 3,24,000, ನಾಲ್ಕನೆಯದು 3,42,000, ಐದನೆಯದು 3,60,000, ಆರನೆಯದು 3,78,000.

ಈಗ ನಾನು ಹೋದ ದಾರಿ. ಮೊದಲ ನಾಲ್ಕು ತಿಂಗಳು ಕೋರ್ಸು, ಸಂಬಳವಿಲ್ಲ. ಆಮೇಲೆ ಒಂದು ಸಣ್ಣ ಪ್ಯಾನಲ್ ಶಾಪಿನಲ್ಲಿ ಟ್ರೇನಿ, ತಿಂಗಳಿಗೆ 11,000. ಆ ವರ್ಷ ಕೈಗೆ ಬಂದದ್ದು 88,000. ಎರಡನೇ ವರ್ಷ ತಿಂಗಳಿಗೆ 15,000ದಂತೆ 1,80,000. ಮೂರನೇ ವರ್ಷ 24,000ದಂತೆ 2,88,000. ಇಲ್ಲಿ ಒಂದು ಕ್ಷಣ ನಿಂತು ನೋಡಿ. ಬಿಟ್ಟುಬಂದ ಸಂಬಳವನ್ನು ಮತ್ತೆ ಮುಟ್ಟಲು ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಆಫೀಸಿನ ದಾರಿ 27,000ಕ್ಕೆ ಹೋಗಿತ್ತು. ನಾಲ್ಕನೇ ವರ್ಷ ದೊಡ್ಡ ಕಂಪನಿ ಸೇರಿ ಕಮಿಷನಿಂಗ್ ಕೆಲಸ ಸಿಕ್ಕಿತು, 36,000ದಂತೆ 4,32,000. ಐದನೇ ವರ್ಷ 45,000ದಂತೆ 5,40,000. ಆರನೇ ವರ್ಷ ತಿಂಗಳಿಗೆ 52,000.

ಕಳೆಯಿರಿ. ಮೊದಲ ವರ್ಷ ಎರಡು ಲಕ್ಷ ಕೊರತೆ. ಎರಡನೇ ವರ್ಷ 1,26,000 ಸೇರಿ 3,26,000. ಮೂರನೇ ವರ್ಷ 36,000 ಸೇರಿ 3,62,000. ಕೋರ್ಸ್ ಫೀ ಸೇರಿಸಿದರೆ ಸರಿಯಾಗಿ ನಾಲ್ಕು ಲಕ್ಷ. ಕೊರತೆ ಅತಿ ಹೆಚ್ಚಾದದ್ದು ಮೂರು ವರ್ಷ ತುಂಬಿದಾಗ, ಅಂದರೆ "ಸೆಟ್ಲ್ ಆದ ಬಿಡು" ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದ ಹೊತ್ತಿನಲ್ಲಿ. ಅಲ್ಲಿಂದ ತೀರುತ್ತಾ ಬಂತು. ನಾಲ್ಕನೇ ವರ್ಷ 90,000 ಹೆಚ್ಚು ಬಂದು 3,10,000ಕ್ಕೆ ಇಳಿಯಿತು. ಐದನೇ ವರ್ಷ 1,80,000 ಹೆಚ್ಚು ಬಂದು 1,30,000 ಉಳಿಯಿತು. ಆರನೇ ವರ್ಷ ಎರಡು ದಾರಿಗಳ ಅಂತರ ತಿಂಗಳಿಗೆ 20,500. ಏಳನೇ ತಿಂಗಳಲ್ಲಿ, 2019ರ ಡಿಸೆಂಬರಿನಲ್ಲಿ, ಎರಡೂ ಸಮವಾದವು. ಕೊರತೆಯಾದ ಹಣಕ್ಕೆ ಎಂಟು ಪರ್ಸೆಂಟ್ ಬಡ್ಡಿ ಕಟ್ಟಿದರೆ ಇನ್ನೂ ಆರೇಳು ತಿಂಗಳು ಮುಂದಕ್ಕೆ ಹೋಗುತ್ತದೆ. ಪ್ಯಾನಲ್ ಶಾಪಿನಲ್ಲಿ ಇಪ್ಪತ್ತು ಜನ ಇಲ್ಲದ್ದರಿಂದ ಪಿಎಫ್ ಇರಲಿಲ್ಲ. ಮಾಲೀಕರ ಪಾಲು ತಿಂಗಳಿಗೆ 1,680ರಂತೆ ಮೂರು ವರ್ಷಕ್ಕೆ 60,480 ಹೋಯಿತು. ಅದನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಸಮವಾದ ಮೂರೇ ತಿಂಗಳಿಗೆ ಲಾಕ್‌ಡೌನ್ ಬಂತು ಎನ್ನುವುದನ್ನೂ ನೆನಪಿಡಿ. 2014ರಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲು ಆಗುತ್ತಿರಲಿಲ್ಲ.

ಹಾಗಾದರೆ ಬಿಡಬಾರದಿತ್ತೇ? ಖಂಡಿತ ಬಿಡಬೇಕಿತ್ತು. ಪಿಒ-ಚಲನ್-ಬಿಲ್ಲು ಹೊಂದಿಸುವ ಕೆಲಸವನ್ನು ಈಗ ಅನೇಕ ಕಂಪನಿಗಳಲ್ಲಿ ಇಆರ್‌ಪಿ ತಂತ್ರಾಂಶವೇ ಮಾಡುತ್ತದೆ. ಆಫೀಸಿನ ದಾರಿಗೆ ನಾನು ಹಾಕಿದ 1,500ರ ಏರಿಕೆ ಉದಾರವಾದದ್ದು.

ನಾಲ್ಕು ಲಕ್ಷವನ್ನು ನಾನು ಎಲ್ಲಿಂದ ತಂದೆ ಎಂದು ಆ ಹುಡುಗ ಕೇಳಿದ. ತರಬೇಕಾಗಿರಲಿಲ್ಲ. ನಷ್ಟ ಬೇರೆ, ಕೈಯಲ್ಲಿ ಬೇಕಾದ ನಗದು ಬೇರೆ. ಬೆಂಗಳೂರಿನ ರೂಮು, ಊಟ, ಬಸ್ಸಿಗೆ 10,000, ಊರಿಗೆ 6,000, ಒಟ್ಟು ತಿಂಗಳಿಗೆ 16,000 ನನ್ನ ಖರ್ಚು. ಮೊದಲ ವರ್ಷ 1,92,000 ಖರ್ಚು, 38,000 ಫೀ, ಬಂದದ್ದು 88,000. ಕಡಿಮೆ ಬಿದ್ದದ್ದು 1,42,000. ಎರಡನೇ ವರ್ಷ 12,000. ಎರಡೂ ಸೇರಿ 1,54,000. ಅಂಚೆ ಕಚೇರಿಯ ಆರ್‌ಡಿ 1,20,000 ಇತ್ತು. ಗ್ರಾಚುಯಿಟಿ 48,461 ಬಂತು. 14,461 ಮಿಕ್ಕಿತು. ಒಂದು ರೂಪಾಯಿ ಸಾಲ ಮಾಡಲಿಲ್ಲ, ಊರಿಗೆ ಹಣ ಒಂದು ತಿಂಗಳೂ ತಪ್ಪಲಿಲ್ಲ. ಅಪ್ಪ ಕೇಳಿದ್ದ ಎರಡು ಪ್ರಶ್ನೆಗೂ ಉತ್ತರ ಅದೇ.

ಆ ಗ್ರಾಚುಯಿಟಿ ಸಿಕ್ಕಿದ್ದು ಐದು ವರ್ಷ ತುಂಬಿಸಿದ್ದರಿಂದ. ಬೇಸಿಕ್ 14,000, ಗುಣಿಸು 15, ಭಾಗಿಸು 26, ಗುಣಿಸು ಆರು ವರ್ಷ. ನಾಲ್ಕು ವರ್ಷಕ್ಕೇ ಎದ್ದು ಬಂದಿದ್ದರೆ ಸೊನ್ನೆ. ಪಿಎಫ್ ಮುಟ್ಟಲಿಲ್ಲ, ಕಂಪನಿ ಸೇರಿದ ಮೇಲೆ ವರ್ಗ ಮಾಡಿಸಿಕೊಂಡೆ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಮೊದಲ ಆರು ವರ್ಷವನ್ನು ಫಾರ್ಮ್ 10ಸಿ ತುಂಬಿ ಹಿಂದಕ್ಕೆ ಪಡೆದಿದ್ದರೆ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಆಫೀಸಿನ ಗ್ರೂಪ್ ಆರೋಗ್ಯ ವಿಮೆ ಕೆಲಸ ಬಿಟ್ಟ ಕೂಡಲೇ ನಿಂತುಹೋಗುತ್ತದೆ, ಅದರ ಬದಲಿ ವ್ಯವಸ್ಥೆ ರಾಜೀನಾಮೆಗೆ ಮೊದಲೇ ಆಗಿರಲಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆ ಇದೆ.

ಈಗ ಆ ಹುಡುಗ ತಂದಿದ್ದ ಸಾಲದ ಕಾಗದಕ್ಕೆ ಬರುತ್ತೇನೆ. ಇದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಂದು ಲಕ್ಷದ ಕೋರ್ಸು, "ಪ್ಲೇಸ್‌ಮೆಂಟ್ ಗ್ಯಾರಂಟಿ", 12 ಪರ್ಸೆಂಟ್ ಫ್ಲಾಟ್ ಬಡ್ಡಿ, 24 ಕಂತು, ತಿಂಗಳಿಗೆ 5,167. ಪ್ರೊಸೆಸಿಂಗ್ ಫೀ ಮತ್ತು ಜಿಎಸ್‌ಟಿ ಸೇರಿ 3,540 ಮೊದಲೇ ಕಡಿತ. 12 ಎಂದು ಬರೆದಿರುವ ಈ ಸಾಲದ ನಿಜವಾದ ಬಡ್ಡಿ 25 ದಾಟುತ್ತದೆ. ಯಾಕೆಂದರೆ ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ ಒಂದು ಲಕ್ಷದ ಮೇಲೇ ನಡೆಯುತ್ತದೆ, ಮೊದಲೇ ಕಡಿತವಾದ ಫೀ ಬೇರೆ. ಮೇಲೆ ಕೊಟ್ಟ ನನ್ನ ಎರಡು ವರ್ಷಕ್ಕೆ ಈ ಕಂತನ್ನು ಸೇರಿಸಿ ನೋಡಿ. ಸಂಬಳವೇ ಇಲ್ಲದ ನಾಲ್ಕು ತಿಂಗಳಲ್ಲೂ 5,167, ಟ್ರೇನಿಯ 11,000ದಲ್ಲೂ 5,167. ಕೈಯಲ್ಲಿ ಹಣ ಅತಿ ಕಡಿಮೆ ಇರುವ 24 ತಿಂಗಳನ್ನೇ ಆರಿಸಿಕೊಂಡು ಕಿತ್ತುಕೊಳ್ಳುವ ಸಾಲ ಇದು. ಇನ್ನು ಪ್ಲೇಸ್‌ಮೆಂಟ್ ಗ್ಯಾರಂಟಿ ಎಂದರೇನು? ಒಪ್ಪಂದದಲ್ಲಿ ಬರೆದಿರುವುದು "ಮೂರು ಇಂಟರ್‌ವ್ಯೂ ಅವಕಾಶ". ಇಂಟರ್‌ವ್ಯೂಗೆ ಕಳಿಸುವುದು ಕೆಲಸ ಕೊಡಿಸುವುದಲ್ಲ. "ನೋ ಕಾಸ್ಟ್ ಇಎಂಐ" ಎನ್ನುವವರ ಕಥೆಯೂ ಬೇರೆಯಲ್ಲ. ಸೊನ್ನೆ ಬಡ್ಡಿ ಎನ್ನುವುದು ಅಸ್ತಿತ್ವದಲ್ಲೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೊಡಲೇಬೇಕು, ಅದರಲ್ಲಿ ಎಪಿಆರ್, ಅಂದರೆ ಶುಲ್ಕವೂ ಸೇರಿದ ವಾರ್ಷಿಕ ಬಡ್ಡಿ ದರ, ಬರೆದಿರಲೇಬೇಕು. ಆ ಹಾಳೆ ಕೇಳಿ ತೆಗೆದುಕೊಳ್ಳಿ. ಕೊಡಲು ಮೀನಮೇಷ ಎಣಿಸಿದರೆ ಎದ್ದು ಬನ್ನಿ.

ಕಲಿಯಲು ಅಷ್ಟು ಹಣ ಬೇಕಾಗಿಯೂ ಇಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇಂದು ರಾಜ್ಯದ ಹಲವು ಊರುಗಳಲ್ಲಿದೆ. ರಾಜ್ಯದ 150 ಐಟಿಐಗಳನ್ನು 4,700 ಕೋಟಿಗೂ ಹೆಚ್ಚು ಖರ್ಚಿನಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಿದರು. ಖಾಸಗಿ ಕೋರ್ಸಿಗೆ ಲಕ್ಷ ಕೊಡುವ ಮುನ್ನ ಹತ್ತಿರದ ಇಂಥ ಕಡೆ ಹೋಗಿ ಯಾವ ಯಂತ್ರ ಇದೆ, ಯಾವ ಅಲ್ಪಾವಧಿ ತರಬೇತಿ ಇದೆ ಎಂದು ವಿಚಾರಿಸಲು ಖರ್ಚಾಗುವುದು ಬಸ್ ಚಾರ್ಜು.

ಅದಕ್ಕೂ ಮೊದಲು ನಮ್ಮ ಸುತ್ತ ಇರುವುದನ್ನು ನೋಡಬೇಕು. ನಮ್ಮ ಹೊಲಗಳ ಬೋರ್‌ವೆಲ್ ಮೋಟರಿನ ಪೆಟ್ಟಿಗೆಯಲ್ಲಿ ಆಟೊ ಸ್ಟಾರ್ಟರ್ ಇದೆ, ಮೊಬೈಲ್ ಸ್ಟಾರ್ಟರ್ ಇದೆ. ರಾತ್ರಿ ತ್ರೀ ಫೇಸ್ ಕರೆಂಟು ಬಂದ ಕೂಡಲೇ ಮೋಟರು ತಾನೇ ಎದ್ದು ಓಡುವುದು, ಒಂದು ಫೇಸ್ ಹೋದರೆ ಸುಡುವ ಮುನ್ನ ನಿಲ್ಲುವುದು, ಬೋರ್ ಬತ್ತಿದರೆ ಅರಿತುಕೊಂಡು ಬಂದ್ ಆಗುವುದು, ಇದೇ ಆಟೊಮೇಷನ್. ಕಂಟ್ಯಾಕ್ಟರ್, ರಿಲೇ, ಟೈಮರ್, ಪ್ರಿವೆಂಟರ್ ಬಿಚ್ಚಿ ಜೋಡಿಸುವ ಮೋಟರ್ ರಿವೈಂಡಿಂಗ್ ಅಂಗಡಿಯವರಿಗೆ ಕಂಟ್ರೋಲ್ ವೈರಿಂಗ್ ಕರತಲಾಮಲಕ. ಪಿಎಲ್‌ಸಿ ಮಾಡುವುದು ಆ ವೈರಿಂಗನ್ನು ಪ್ರೋಗ್ರಾಮಿನೊಳಗೆ ತರುವ ಕೆಲಸ. ಲ್ಯಾಡರ್ ಲಾಜಿಕ್ ಬರೆಯಲು ಬಂದು ಸ್ಟಾರ್ ಡೆಲ್ಟಾ ಸ್ಟಾರ್ಟರ್ ಕಟ್ಟಲು ಬಾರದವರನ್ನು ನಾನು ಸೈಟಿನಲ್ಲಿ ಬಹಳ ನೋಡಿದ್ದೇನೆ. ಅವರಿಗೆ ಸಂಬಳ ಏರುವುದಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು, ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು, ಪಕ್ಕದ ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕು, ಎಲ್ಲ ಕಡೆ ಪ್ಯಾನಲ್ ಇದೆ, ದೊಡ್ಡ ಕಡೆ ದೂರದಿಂದಲೇ ನೋಡಿ ನಡೆಸುವ ಸ್ಕಾಡಾ ಇದೆ. ಯಾದಗಿರಿ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನೇ ದೂರದಿಂದ ನಡೆಸುವ ಹಾಗೆ ಮಾಡಿ 2023ರ ಜನವರಿಯಲ್ಲಿ ಉದ್ಘಾಟಿಸಿದರು. ಈ ಕೆಲಸಕ್ಕೆ ಬೆಂಗಳೂರೊಂದೇ ಊರಲ್ಲ.

ಲೆಕ್ಕ ಎಷ್ಟೇ ಸರಿಯಿದ್ದರೂ ಅಭ್ಯಾಸ ಕೆಟ್ಟರೆ ಅದು ನಿಲ್ಲುವುದಿಲ್ಲ. ಕಮಿಷನಿಂಗ್ ಕೆಲಸಕ್ಕೆ ಹೋದವರಿಗೆ ಸಂಬಳದ ಜೊತೆ ಸೈಟ್ ಅಲೋವೆನ್ಸ್ ಬರುತ್ತದೆ. ಅದನ್ನು ಸಂಬಳ ಎಂದುಕೊಂಡು ಬೈಕಿನ ಕಂತು ಹಾಕಿಸಿಕೊಂಡವರು ಪ್ರಾಜೆಕ್ಟ್ ಮುಗಿದು ಆಫೀಸಿಗೆ ವಾಪಸ್ ಬಂದ ತಿಂಗಳೇ ಕೈಸಾಲಕ್ಕೆ ಬೀಳುತ್ತಾರೆ. ಅಲೋವೆನ್ಸಿಗೆ ಬೇರೆ ಖಾತೆ ತೆರೆಯಿರಿ. ದಿನದ ಖರ್ಚು ಬರೆದಿಡಿ. ಸಂಜೆ ಮೊಬೈಲಿನಲ್ಲಿ ಕಳೆಯುವ ಹೊತ್ತಿನಲ್ಲಿ ಒಂದು ಡ್ರೈವಿನ ಮ್ಯಾನುಯಲ್ ಓದಿ, ಇಂಗ್ಲಿಷ್ ತಡವರಿಸಿದರೂ ಓದಿ. ಟ್ರೇನಿಯಾಗಿದ್ದಾಗ ನನಗಿಂತ ಕಿರಿಯರ ಕೈಕೆಳಗೆ ಕೆಲಸ ಮಾಡಿದೆ. ಕೇಳಿ ಕಲಿಯಲು ನಾಚಿದವನಿಗೆ 11,000ದ ವರ್ಷ ಒಂದಕ್ಕೆ ಮುಗಿಯುವುದಿಲ್ಲ. ಮದುವೆ, ಮನೆ ರಿಪೇರಿ, ತಂಗಿಯ ಓದು, ಇವೆಲ್ಲ ಕೊರತೆಯ ಆ ಮೂರು ವರ್ಷದಲ್ಲೇ ಬರುತ್ತವೆಂದು ತಿಳಿದೇ ಮನೆಯವರ ಜೊತೆ ಕೂತು ಮಾತಾಡಿ. ಮುಚ್ಚಿಟ್ಟು ಕೆಲಸ ಬಿಡುವುದು ಮನೆಯವರಿಗೆ ಮಾಡುವ ಅನ್ಯಾಯ.

ಆ ಹುಡುಗನ ಅಂಕಿಗಳನ್ನು ಅವನ ಕೈಯಲ್ಲೇ ಬರೆಸಿದೆ. ಸಂಬಳ 17,000, ಬೇಸಿಕ್ 10,000, ಸೇವೆ ನಾಲ್ಕು ವರ್ಷ ಎರಡು ತಿಂಗಳು, ಉಳಿತಾಯ 40,000. ಇನ್ನು ಹತ್ತು ತಿಂಗಳಿಗೆ ಐದು ವರ್ಷ ತುಂಬುತ್ತದೆ, ಗ್ರಾಚುಯಿಟಿ 28,846. ಕಟ್ಟಲು ಹೊರಟಿದ್ದ 5,167ರ ಕಂತನ್ನು ಅಷ್ಟೂ ತಿಂಗಳು ಆರ್‌ಡಿಗೆ ಹಾಕಿದರೆ 51,670. ಮೂರೂ ಸೇರಿ 1,20,516, ಬಡ್ಡಿ ಬಿಟ್ಟು. ಊರಿಂದ ಓಡಾಡುವ ಅವನ ಖರ್ಚು ತಿಂಗಳಿಗೆ 9,000 ಇದೆ. ಐದು ವರ್ಷ ತುಂಬುವವರೆಗೆ ಭಾನುವಾರಗಳನ್ನು ಮೋಟರ್ ರಿವೈಂಡಿಂಗ್ ಅಂಗಡಿಗೆ ಕೊಡಲು ಒಪ್ಪಿದ್ದಾನೆ. ಅಂಗಡಿಯವರ ಹತ್ತಿರ ನಾನೇ ಮಾತಾಡಿದ್ದೇನೆ, ದುಡ್ಡು ಕೇಳಿಲ್ಲ, ಬೇಗ ಬರಬೇಕು ಅಂದಿದ್ದಾರೆ. ಸಾಲದ ಕಾಗದ ಸೈನ್ ಆಗದೆ ವಾಪಸ್ ಹೋಗಿದೆ.