ಸೊಪ್ಪಿನ ಫೋಲೇಟ್ ಅಳೆಯಲು ಸರಿಯಾದ ತೂಕದ ಬಟ್ಟು



ತಕ್ಕಡಿ ಎಷ್ಟೇ ಚೆನ್ನಾಗಿದ್ದರೂ ಬಟ್ಟು ಸರಿಯಿಲ್ಲದಿದ್ದರೆ ತೂಕ ತಪ್ಪುತ್ತದೆ. ಆದ್ದರಿಂದಲೇ ವ್ಯಾಪಾರಿಯು ಸರ್ಕಾರದ ಮುದ್ರೆಯುಳ್ಳ ಬಟ್ಟನ್ನೇ ಬಳಸಬೇಕು. ಸೊಪ್ಪಿನ ಜೀವಸತ್ವವನ್ನು ಅಳೆಯುವ ಪ್ರಯೋಗಶಾಲೆಗೂ ಇಂತಹ ಬಟ್ಟು ಬೇಕು. ಇದಕ್ಕೆ ಪ್ರಮಾಣಿತ ಆಧಾರ ಸಾಮಗ್ರಿ ಎಂದು ಹೆಸರು. "ಈ ತಳಿಯ ಸೊಪ್ಪಿನಲ್ಲಿ ಫೋಲೇಟ್ ಎರಡು ಪಟ್ಟು" ಎಂಬ ಮಾತನ್ನು ನಂಬಿ ಬೀಜಕ್ಕೆ ಹೆಚ್ಚು ಹಣ ತೆರುವ ಮೊದಲು ಈ ವಿಷಯ ತಿಳಿದಿರುವುದು ಒಳ್ಳೆಯದು.

ಫೋಲೇಟಿನ ಮಹತ್ವ

ಫೋಲೇಟ್ 'ಬಿ' ಗುಂಪಿನ ಜೀವಸತ್ವ. 1931ರಲ್ಲಿ ಡಾ. ಲೂಸಿ ವಿಲ್ಸ್ ಅವರು ಮುಂಬಯಿಯ ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆಯು ಯೀಸ್ಟ್ ಸಾರದಿಂದ ಗುಣವಾಗುವುದನ್ನು ತೋರಿಸಿದರು. 1941ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಈ ಸತ್ವವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಹೆಸರಿಟ್ಟರು. ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿ ಇದರ ಕೊರತೆಯಾದರೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯಲ್ಲಿ ದೋಷವುಂಟಾಗುವ ಸಂಭವ ಹೆಚ್ಚು. ಆದುದರಿಂದ ಅಂಕಿ ತಪ್ಪಾದರೆ ಅದರ ನಷ್ಟ ಕೇವಲ ಹಣದ್ದಲ್ಲ.

ಅಳತೆ ತಪ್ಪುವುದು ಹೇಗೆ?

ಫೋಲೇಟ್ ಬಿಸಿಲು, ಶಾಖ ಮತ್ತು ಗಾಳಿಗೆ ಬೇಗ ನಾಶವಾಗುತ್ತದೆ. ಎಲೆಯಲ್ಲಿ ಅದು ಬಹುಪಾಲು ಸರಪಳಿಯ ರೂಪದಲ್ಲಿರುತ್ತದೆ. ಕಿಣ್ವಗಳಿಂದ ಈ ಸರಪಳಿಯನ್ನು ಪೂರ್ತಿ ಕತ್ತರಿಸದಿದ್ದರೆ ಅಂಕಿ ಕಡಿಮೆ ಬರಬಹುದು. ಹಳೆಯ ವಿಧಾನದಲ್ಲಿ ಫೋಲೇಟ್ ಇಲ್ಲದೆ ಬೆಳೆಯಲಾರದ ಒಂದು ಬ್ಯಾಕ್ಟೀರಿಯ ಎಷ್ಟು ಬೆಳೆಯಿತೆಂದು ನೋಡುತ್ತಾರೆ. ಈಗ ಯಂತ್ರಗಳಿಂದಲೂ ಅಳೆಯುತ್ತಾರೆ. ಹೀಗಾಗಿ ಒಂದೇ ಸೊಪ್ಪಿಗೆ ಎರಡು ಪ್ರಯೋಗಶಾಲೆಗಳು ಬೇರೆ ಬೇರೆ ಅಂಕಿ ಕೊಡುವುದುಂಟು. ಶುದ್ಧ ಫೋಲಿಕ್ ಆಮ್ಲವನ್ನು ಮಾತ್ರ ಅಳೆದು ನೋಡಿದರೆ ಈ ದೋಷ ಹೊರಬೀಳದು. ಅದರಲ್ಲಿ ನಾರಿಲ್ಲ, ಹರಿತ್ತಿಲ್ಲ, ಸರಪಳಿಯೂ ಇಲ್ಲ. ಆದ್ದರಿಂದ ಬಟ್ಟನ್ನು ತರಕಾರಿಯಿಂದಲೇ ಮಾಡಬೇಕು.

ಬಟ್ಟು ಸಿದ್ಧಪಡಿಸುವ ಕ್ರಮ

ತಾಜಾ ಸೊಪ್ಪನ್ನು ತೊಳೆದು, ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಒಣಗಿಸಿ, ನುಣ್ಣಗೆ ಪುಡಿಮಾಡುತ್ತಾರೆ. ಮಣ್ಣಿನ ಮಾದರಿಯನ್ನು ನೀವು ಬೆರೆಸುವಂತೆ ಈ ಪುಡಿಯನ್ನೂ ಚೆನ್ನಾಗಿ ಬೆರೆಸಿ, ಗಾಳಿ ಬೆಳಕು ತಾಗದ ಪೊಟ್ಟಣಗಳಲ್ಲಿ ತುಂಬಿ ಶೀತದಲ್ಲಿಡುತ್ತಾರೆ. ಎಲ್ಲ ಪೊಟ್ಟಣಗಳಲ್ಲೂ ಫೋಲೇಟ್ ಸಮನಾಗಿದೆಯೇ, ಕಾಲ ಕಳೆದರೂ ಉಳಿಯುವುದೇ ಎಂದು ಪರೀಕ್ಷಿಸುತ್ತಾರೆ. ಅನಂತರ ಹಲವು ಪ್ರಯೋಗಶಾಲೆಗಳು ಅಳೆದು ಒಪ್ಪಿದ ಅಂಕಿಯೇ ಅದರ ಮುದ್ರೆ. ಯುರೋಪಿನಲ್ಲಿ ಸಿದ್ಧವಾದ ಬಿಸಿಆರ್-485 ಎಂಬ ಮಿಶ್ರ ತರಕಾರಿ ಪುಡಿಗೆ ಹೀಗೆ ಗೊತ್ತುಪಡಿಸಿದ ಫೋಲೇಟ್ ಪ್ರಮಾಣವು ಕಿಲೋ ಒಣ ತೂಕಕ್ಕೆ 3.15 ಮಿಲಿಗ್ರಾಂ, 0.28 ಮಿಲಿಗ್ರಾಂನಷ್ಟು ಹೆಚ್ಚು ಕಡಿಮೆಯಿರಬಹುದು.

ನಿಮ್ಮ ಸೊಪ್ಪಿನ ಜೊತೆಗೆ ಈ ಪುಡಿಯನ್ನೂ ಅಳೆದಾಗ ಮುದ್ರೆಯ ಅಂಕಿ ಬಂದರೆ ಆ ದಿನದ ಅಳತೆ ಸರಿ. ಬಾರದಿದ್ದರೆ ತಪ್ಪನ್ನು ಹುಡುಕಿ ಮತ್ತೆ ಅಳೆಯಬೇಕು.

ನೀವು ಗಮನಿಸಬೇಕಾದ ಅಂಶಗಳು

1. ಅಂಕಿ ಹಸಿ ತೂಕದ್ದೋ, ಒಣ ತೂಕದ್ದೋ ಕೇಳಿರಿ. ಸೊಪ್ಪಿನಲ್ಲಿ ನೂರಕ್ಕೆ 90 ಭಾಗ ನೀರಿದ್ದರೆ, ಒಣ ತೂಕದ ಅಂಕಿಯು ಹಸಿಯದರ ಹತ್ತು ಪಟ್ಟು ಕಾಣುತ್ತದೆ.

2. ಆಧಾರ ಸಾಮಗ್ರಿಯ ಜೊತೆ ಅಳೆದಿದ್ದಾರೆಯೇ ಎಂದು ವಿಚಾರಿಸಿರಿ. ಹೋಲಿಸುವ ತಳಿಗಳನ್ನು ಒಂದೇ ಹೊಲದಲ್ಲಿ ಬೆಳೆದು, ಒಂದೇ ದಿನ ಕಿತ್ತಿರಬೇಕು.

3. ಪರೀಕ್ಷೆಗೆ ಕಳಿಸುವ ಸೊಪ್ಪನ್ನು ಬೆಳಗಿನ ತಂಪಿನಲ್ಲಿ ಕಿತ್ತು, ನೆರಳಿನಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಅಂದೇ ತಲುಪಿಸಿರಿ. ಬಾಡಿದ ಸೊಪ್ಪಿನ ಅಂಕಿ ನಿಮ್ಮ ಹೊಲದ ಅಂಕಿಯಲ್ಲ.

4. ಫೋಲೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬೇಡಿ. ಬಸ್ಸಾರಿಗೆ ಬಳಸುವ ನಮ್ಮ ರೂಢಿ ಒಳ್ಳೆಯದು. ಆದರೆ ವೈದ್ಯರು ಹೇಳಿದ ಫೋಲಿಕ್ ಆಮ್ಲದ ಮಾತ್ರೆಯನ್ನು ಸೊಪ್ಪಿನ ನೆಚ್ಚಿಕೆಯಿಂದ ಬಿಡಬಾರದು.

ಮುದ್ರೆಯಿಲ್ಲದ ಬಟ್ಟಿನ ತೂಕವನ್ನು ನೀವು ಒಪ್ಪುವುದಿಲ್ಲ. ಆಧಾರವಿಲ್ಲದ ಅಂಕಿಯನ್ನೂ ಹಾಗೆಯೇ ಪ್ರಶ್ನಿಸಿರಿ.